ಲಕೋಟೆ ಒಡೆಯುವ ಮೊದಲೇ



ಕಳೆದ ತಿಂಗಳು ನಮ್ಮ ಊರಿನ ಮಠದಲ್ಲಿ ವಿದ್ಯಾರ್ಥಿಗಳ ಪ್ರಸಾದ ನಿಲಯಕ್ಕೆ ಹೊಸ ಕಟ್ಟಡ ಕಟ್ಟುವ ಬಗ್ಗೆ ಸಭೆ ಸೇರಿತ್ತು. ನಿವೃತ್ತ ಎಂಜಿನಿಯರ್ ಎಂಬ ಕಾರಣಕ್ಕೆ ನನ್ನನ್ನೂ ಸಮಿತಿಯಲ್ಲಿ ಸೇರಿಸಿದ್ದರು. ಸಿಮೆಂಟು, ಕಬ್ಬಿಣ, ಕಟ್ಟಡದ ಕೂಲಿ ಮೂರಕ್ಕೂ ಕನಿಷ್ಠ ಮೂರು ಮಂದಿಯಿಂದ ದರಪಟ್ಟಿ ತರಿಸೋಣ, ಮುಚ್ಚಿದ ಲಕೋಟೆಯಲ್ಲಿ ತರಿಸೋಣ ಎಂದೆ. ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, "ಸಾಹೇಬ್ರ, ಇದು ಮಠದ ಕೆಲಸ ಐತ್ರಿ. ಇದಕ್ಕೂ ಟೆಂಡರ್ ಕರೀತೀರೇನು? ಅಂವ ನಮ್ಮವನ ಅದಾನ, ಭಕ್ತಿಲೆ ಮಾಡಿ ಕೊಡ್ತಾನ" ಎಂದರು.

ಅವರು ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಆದರೆ "ನಮ್ಮವ" ಎಂಬ ಆ ಒಂದು ಶಬ್ದವನ್ನು ನನ್ನ 35 ವರ್ಷದ ಸರ್ಕಾರಿ ನೌಕರಿಯಲ್ಲಿ ಎಷ್ಟು ಬಾರಿ ಕೇಳಿದ್ದೇನೆಂದರೆ, ಈಗ ಅದು ಕಿವಿಗೆ ಬಿದ್ದ ಕೂಡಲೇ ಕೈ ತಾನಾಗಿ ಪೆನ್ನಿನ ಮುಚ್ಚಳ ಹಾಕುತ್ತದೆ. ಬಸವಣ್ಣನವರು ಆ ಶಬ್ದವನ್ನು ಬಳಸಿದ್ದು ಹೊರಗೆ ನಿಂತವರನ್ನು ಒಳಗೆ ಕರೆಯುವುದಕ್ಕೆ. ನಾವು ಬಳಸುತ್ತಿರುವುದು ಒಳಗಿರುವವರಿಗೆ ಬಾಗಿಲು ಹಾಕಿಕೊಡುವುದಕ್ಕೆ.

ನೌಕರಿಯ ಕೊನೆಯ ಒಂಬತ್ತು ವರ್ಷ ನಾನು ಟೆಂಡರ್ ಮತ್ತು ಖರೀದಿ ವಿಭಾಗದ ಮೇಲ್ವಿಚಾರಕನಾಗಿದ್ದೆ. ನೀರಿನ ಪಂಪು, ಕೊಳವೆ, ವಾಲ್ವು, ಟ್ಯಾಂಕು, ಇವುಗಳ ಅಂದಾಜು ಪಟ್ಟಿಯಿಂದ ಹಿಡಿದು ಕೊನೆಯ ಬಿಲ್ಲಿನವರೆಗೆ ಕಡತ ನನ್ನ ಮೇಜಿನ ಮೇಲೆ ಹಾದು ಹೋಗಬೇಕು. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಟೆಂಡರ್ ಎಂದರೆ ಕಚೇರಿಯ ಮೂಲೆಯಲ್ಲಿ ಬೀಗ ಹಾಕಿದ ಒಂದು ಪೆಟ್ಟಿಗೆ. ಪೆಟ್ಟಿಗೆಗೆ ಬೀಗವೇನೋ ಇತ್ತು. ಆದರೆ ಕೊನೆಯ ದಿನ ಕಚೇರಿಯ ಗೇಟಿನಲ್ಲಿ ನಾಲ್ಕು ಹುಡುಗರು ಮೋಟಾರ್ ಸೈಕಲ್ ಅಡ್ಡ ನಿಲ್ಲಿಸಿಕೊಂಡು ನಿಂತರೆ ಬೇರೆ ಊರಿನ ಗುತ್ತಿಗೆದಾರ ಪೆಟ್ಟಿಗೆಯ ತನಕ ಬರುವುದೆಲ್ಲಿಂದ?

1999ರಲ್ಲಿ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಆಯಿತು, ಮರುವರ್ಷ ನಿಯಮಗಳು ಬಂದವು. ನಾವೆಲ್ಲ ಕೆಟಿಪಿಪಿ ಎಂದು ಕರೆಯುವುದು ಅದನ್ನೇ. 2007ರ ಕೊನೆಯಿಂದ ಇ-ಪ್ರೊಕ್ಯೂರ್‌ಮೆಂಟ್ ಬಂದು ಪೆಟ್ಟಿಗೆಯೂ ಹೋಯಿತು, ಗೇಟಿನ ಹುಡುಗರೂ ಹೋದರು. ಇದು ದೊಡ್ಡ ಸುಧಾರಣೆ. ಇದನ್ನು ಸಣ್ಣದೆಂದು ಹೇಳುವವರು ಹಳೆಯ ದಿನಗಳನ್ನು ನೋಡಿದವರಲ್ಲ.

ಆದರೆ ಜನ ತಿಳಿದಿರುವುದು ಮೋಸವೆಲ್ಲ ಲಕೋಟೆ ಒಡೆಯುವಾಗ ನಡೆಯುತ್ತದೆ ಎಂದು. ನನ್ನ ಅನುಭವದಲ್ಲಿ ಲಕೋಟೆ ಒಡೆಯುವ ಹೊತ್ತಿಗೆ ಆಗಬೇಕಾದ್ದೆಲ್ಲ ಆಗಿಹೋಗಿರುತ್ತದೆ. ಅದು ಆಗುವುದು ಎರಡು ಮೂರು ತಿಂಗಳು ಮೊದಲು, ಯಾರೂ ನೋಡದ ಜಾಗದಲ್ಲಿ, ವಸ್ತುವಿನ ವಿವರಣೆ ಮತ್ತು ಅರ್ಹತೆಯ ಷರತ್ತು ಬರೆಯುವ ಮೇಜಿನ ಮೇಲೆ. ಆ ಮೇಜಿಗೆ ಕೂರುವವನು ಮಂತ್ರಿಯಲ್ಲ, ಎಂಜಿನಿಯರ್.

ಒಂದು ಉದಾಹರಣೆ ಹೇಳುತ್ತೇನೆ. ಒಂದು ಪಟ್ಟಣದ ನೀರು ಸರಬರಾಜಿಗೆ ಪಂಪು ಖರೀದಿ. ಬೇಕಾದದ್ದು ಸೆಕೆಂಡಿಗೆ 40 ಲೀಟರ್ ನೀರು, 90 ಮೀಟರ್ ಎತ್ತರಕ್ಕೆ. ಇಷ್ಟು ಹೇಳಿ, ದಕ್ಷತೆ ಇಷ್ಟಕ್ಕಿಂತ ಕಡಿಮೆ ಇರಬಾರದು, ಯಾವ ಲೋಹದ್ದಾಗಿರಬೇಕು, ಪರೀಕ್ಷೆ ಹೇಗೆ ಎಂದು ಬರೆದರೆ ಐದಾರು ತಯಾರಕರಾದರೂ ಪೈಪೋಟಿಗೆ ಬರುತ್ತಾರೆ. ನನ್ನ ಮುಂದೆ ಬಂದ ಕರಡಿನಲ್ಲಿ ಪಂಪಿನ ತೂಕ ಇತ್ತು, ದಂಡದ ವ್ಯಾಸ ಮಿಲಿಮೀಟರಿನಲ್ಲಿ ಇತ್ತು, ಬಳಿಯುವ ಬಣ್ಣವೂ ಇತ್ತು. ದಕ್ಷತೆಯ ಮಾತೇ ಇರಲಿಲ್ಲ. ಕಂಪನಿಯ ಹೆಸರು ಹಾಕುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಹಾಕಿರಲೂ ಇಲ್ಲ. ಆದರೆ ಆ ತೂಕ, ಆ ವ್ಯಾಸ, ಆ ಬಣ್ಣ ಮೂರೂ ಕೂಡುವುದು ಒಂದೇ ಕಂಪನಿಯ ಕ್ಯಾಟಲಾಗಿನಲ್ಲಿ.

ಬರೆದ ಕಿರಿಯ ಎಂಜಿನಿಯರನ್ನು ಕರೆಸಿದೆ. ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸಿನ ಹುಡುಗ, ಲಂಚ ಮುಟ್ಟಿದವನಲ್ಲ ಎಂದು ನಾನು ಇವತ್ತಿಗೂ ಹೇಳಬಲ್ಲೆ. "ಸರ್, ಏಜೆಂಟ್ರು ಅವರೇ ಟೈಪ್ ಮಾಡಿ ಪೆನ್‌ಡ್ರೈವಲ್ಲಿ ಕೊಟ್ಟಿದ್ರು. ಕೆಲಸ ಸುಲಭ ಆಯ್ತು ಅಂತ ಹಾಗೇ ಹಾಕಿದೆ" ಎಂದ. ಅವನ ಮೇಲೆ ಆರು ಕಾಮಗಾರಿ ಇದ್ದವು, ಟೈಪಿಸ್ಟ್ ಇರಲಿಲ್ಲ. ಅವನನ್ನು ಕೂರಿಸಿಕೊಂಡು ಕಾಗದದ ಮೇಲೆ ಲೆಕ್ಕ ಮಾಡಿಸಿದೆ. ದಕ್ಷತೆ ಶೇ. 70 ಇರುವ ಪಂಪಿಗೂ ಶೇ. 75 ಇರುವ ಪಂಪಿಗೂ ಈ ಕೆಲಸದಲ್ಲಿ ಮೂರೂವರೆ ಕಿಲೋವ್ಯಾಟ್‌ಗೆ ಹತ್ತಿರದ ವ್ಯತ್ಯಾಸ. ದಿನಕ್ಕೆ 16 ಗಂಟೆ ಓಡಿಸಿದರೆ ವರ್ಷಕ್ಕೆ ಸುಮಾರು 19,600 ಯೂನಿಟ್ ವಿದ್ಯುತ್ತು. ಪಂಪು ಹತ್ತು ಹದಿನೈದು ವರ್ಷ ಓಡುತ್ತದೆ. ಬಿಲ್ಲು ಕಟ್ಟುವುದು ಪುರಸಭೆ, ಪುರಸಭೆಗೆ ಕಟ್ಟುವುದು ಆ ಊರಿನ ನಲ್ಲಿಯ ಮುಂದೆ ಕೊಡ ಹಿಡಿದು ನಿಂತ ತಾಯಂದಿರು. ಹುಡುಗ ಲೆಕ್ಕ ಮುಗಿಸಿ ಬೆವರು ಒರೆಸಿಕೊಂಡ. ಹೊಸ ಕರಡನ್ನು ತಾನೇ ಬರೆದು ತಂದ, ತಪ್ಪುಗಳಿದ್ದವು, ತಿದ್ದಿದೆವು.

ಮೇಲ್ವಿಚಾರಕನ ಕೆಲಸ ಎಂದರೆ ಇದೇ. ಸಹಿ ಹಾಕುವುದು ಅದರ ಸಣ್ಣ ಭಾಗ. ಈ ಅಂಕಿ ಎಲ್ಲಿಂದ ಬಂತು ಎಂದು ಕೇಳುತ್ತಾ ಕೂರುವುದೇ ದೊಡ್ಡ ಭಾಗ. ಅರ್ಹತೆಯ ಷರತ್ತಿನದೂ ಇದೇ ಕಥೆ. ಹಿಂದೆ ಇಂಥದೇ ಕೆಲಸ ಇಷ್ಟು ಮೊತ್ತಕ್ಕೆ ಮಾಡಿರಬೇಕು ಎಂಬುದು ನ್ಯಾಯವಾದ ಷರತ್ತು. ಆದರೆ ಆ "ಇಂಥದೇ" ಎಂಬುದನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಮಾಡುತ್ತಾ ಹೋದರೆ ಕೊನೆಗೆ ಒಬ್ಬನೇ ಉಳಿಯುತ್ತಾನೆ. ಇನ್ನು ಐದು ಸಣ್ಣ ಕೆಲಸ ಕೂಡಿಸಿ ಒಂದು ದೊಡ್ಡ ಪ್ಯಾಕೇಜು ಮಾಡಿದರೆ ತಾಲ್ಲೂಕಿನ ಗುತ್ತಿಗೆದಾರರೆಲ್ಲ ಹೊರಗೆ. ಒಂದು ದೊಡ್ಡ ಕೆಲಸವನ್ನು ಒಡೆದು ತುಂಡು ಗುತ್ತಿಗೆ ಮಾಡಿದರೆ ಟೆಂಡರೇ ಬೇಡ. ಎರಡಕ್ಕೂ ಟಿಪ್ಪಣಿಯಲ್ಲಿ ಬರೆಯುವ ಕಾರಣ ಒಂದೇ: ಆಡಳಿತಾತ್ಮಕ ಅನುಕೂಲ.

ಇಷ್ಟು ಹೇಳಿದವನು ನನ್ನದನ್ನೂ ಹೇಳಬೇಕು. ನಾನು ಈ ವಿಭಾಗಕ್ಕೆ ಬರುವ ಮುಂಚೆ, ಒಂದು ಬರಗಾಲದ ವರ್ಷ. ಆಗಿನ ನಿಯಮದಂತೆ 2 ಕೋಟಿವರೆಗಿನ ಟೆಂಡರಿಗೆ 30 ದಿನ ಕಾಲಾವಕಾಶ ಕೊಡಬೇಕು. ಅದಕ್ಕಿಂತ ದೊಡ್ಡದಕ್ಕೆ 60 ದಿನ. ಕಡಿಮೆ ಮಾಡಬೇಕಾದರೆ ಮೇಲಧಿಕಾರಿ ಕಾರಣ ಬರೆದು ಒಪ್ಪಿಗೆ ಕೊಡಬೇಕು. ಒಂದು ಕುಡಿಯುವ ನೀರಿನ ಕೊಳವೆ ಮಾರ್ಗದ ಕಡತ ಬಂತು, 30ನ್ನು 7 ಮಾಡಬೇಕೆಂದು. ಅದರ ಹಿಂದೆಯೇ ನಮ್ಮ ಸಮಾಜದ ಒಬ್ಬ ಗಣ್ಯರು ಮನೆಗೆ ಬಂದರು. ಮಠದ ಪ್ರಸಾದ ತಂದಿದ್ದರು. ನಮ್ಮ ಹುಡುಗನೊಬ್ಬ ಇದ್ದಾನೆ, ಹೊಸದಾಗಿ ಗುತ್ತಿಗೆ ಕೆಲಸ ಹಿಡಿಯುತ್ತಿದ್ದಾನೆ ಎಂದರು. ಹಣದ ಮಾತು ಒಂದೂ ಬರಲಿಲ್ಲ. ನಾನು "ಕುಡಿಯುವ ನೀರಿನ ತುರ್ತು ಅಗತ್ಯ" ಎಂದು ಷರಾ ಬರೆದು ಶಿಫಾರಸು ಮಾಡಿದೆ.

ಎರಡು ಟೆಂಡರ್ ಬಂದವು. ಎರಡೂ ವಿಳಾಸ ಒಂದೇ ಓಣಿಯವು. ನೋಡಿದೆ, ನೋಡದಂತೆ ಮುಂದೆ ಕಳಿಸಿದೆ. ಏಳು ದಿನದಲ್ಲಿ ಕರೆದ ಟೆಂಡರ್ ಅಂಗೀಕಾರವಾಗಲು ನಾಲ್ಕು ತಿಂಗಳು ಹಿಡಿಯಿತು. ಕೊಳವೆ ಹೂತು ನೀರು ಬರುವಷ್ಟರಲ್ಲಿ ಮಳೆಗಾಲ ಬಂದು ಕೆರೆ ತುಂಬಿತ್ತು. ಆ ಊರು ನನ್ನ ಹೆಂಡತಿಯ ತವರಿನ ಪಕ್ಕದ್ದು. "ಏಳು ದಿನದ್ದು ತುರ್ತು ಅಂದ್ರಿ, ನಮ್ಮವ್ವ ಬ್ಯಾಸಿಗಿ ಮುಗಿಯೂತನಕ ಟ್ಯಾಂಕರ್ ಕಾಯ್ಕೋತ ಕುಂತಿದ್ಲು" ಎಂದು ಆಕೆ ಊಟಕ್ಕೆ ಬಡಿಸುತ್ತಾ ಅಂದದ್ದು ಇವತ್ತಿಗೂ ಮರೆತಿಲ್ಲ. ನನ್ನ ಮೇಲೆ ಯಾವ ವಿಚಾರಣೆಯೂ ಆಗಲಿಲ್ಲ. ಕಾರಣ ಬರೆದಿತ್ತಲ್ಲ, ಕಡತ ಸರಿಯಾಗಿತ್ತು.

ಹಣ ಮುಟ್ಟಲಿಲ್ಲ ಎಂಬ ಒಂದು ಸಮಾಧಾನದ ಮೇಲೆ ನಮ್ಮ ಸಮಾಜದ ಎಷ್ಟೋ ಮಂದಿ ನೌಕರರು ನಿದ್ದೆ ಮಾಡುತ್ತಾರೆ. ನಾನೂ ಮಾಡಿದ್ದೇನೆ. ಕಾಯಕ ಎಂಬ ಮಾತನ್ನು ವೇದಿಕೆಯ ಮೇಲೆ ಧಾರಾಳವಾಗಿ ಆಡುತ್ತೇವೆ, ಆದರೆ ಅದನ್ನು ಕಷ್ಟಪಟ್ಟು ದುಡಿಯುವುದು ಎಂದಷ್ಟೇ ತಿಳಿದಿದ್ದೇವೆ. ಶರಣರಲ್ಲಿ ಬಸವಣ್ಣನವರೇ ಬಿಜ್ಜಳನ ಭಂಡಾರಿ. ಭಂಡಾರದ ಹಣವನ್ನು ಜಂಗಮರಿಗೆ ಹಂಚುತ್ತಿದ್ದಾರೆಂದು ದೂರು ಹೋದಾಗ ಲೆಕ್ಕ ನೋಡಿದರೆ ಸರಿಯಾಗಿತ್ತು ಎಂದು ಪುರಾಣಗಳು ಹೇಳುತ್ತವೆ. ಅದನ್ನು ಪವಾಡವೆಂದು ಓದುವವರು ಓದಲಿ. ದೂರು ಬಂದ ದಿನ ಭಂಡಾರದ ಬಾಗಿಲು ತೆರೆದು ಲೆಕ್ಕ ಒಪ್ಪಿಸಲು ಅವರು ಸಿದ್ಧರಿದ್ದರಲ್ಲ, ಎಂಜಿನಿಯರಾದ ನನಗೆ ಮುಖ್ಯವಾಗಿ ಕಾಣುವುದು ಅದು.

ಇನ್ನೊಂದು ಕಹಿ ಮಾತು. ಸಣ್ಣ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪರಿಶಿಷ್ಟ ಪಂಗಡಕ್ಕೆ ಶೇ. 6.95 ಮೀಸಲು ಎಂದು ಕಾಯ್ದೆಗೆ ತಿದ್ದುಪಡಿ ಬಂದಾಗ ಮಿತಿ 50 ಲಕ್ಷ ಇತ್ತು, 2023ರಲ್ಲಿ 1 ಕೋಟಿಗೆ ಏರಿತು. ನಮ್ಮವರು ಅನೇಕರು ಇದಕ್ಕೆ ಗೊಣಗಿದ್ದನ್ನು ಕೇಳಿದ್ದೇನೆ. ಗೊಣಗಿದವರಲ್ಲೇ ಕೆಲವರು ಆಮೇಲೆ ಇನ್ನೊಬ್ಬರ ಹೆಸರಿನಲ್ಲಿ ಆ ಕೆಲಸ ಹಿಡಿದು ಮಾಡಿದ್ದನ್ನೂ ಕಂಡಿದ್ದೇನೆ. ಹೆಸರಿನವನಿಗೆ ನೂರಕ್ಕೆ ಎರಡೋ ಮೂರೋ. ಅನುಭವ ಮಂಟಪದಲ್ಲಿ ಹರಳಯ್ಯನವರು, ಮಾದಾರ ಚೆನ್ನಯ್ಯನವರು ಕೂತಿದ್ದರೆಂದು ಭಾಷಣ ಮಾಡಿ, ಮನೆಗೆ ಬಂದು ಅವರ ಹೆಸರಿನಲ್ಲಿ ಬಿಲ್ಲು ಬರೆಸುವುದು ಯಾವ ಧರ್ಮ?

ಹಾಗೆಂದು ಗುತ್ತಿಗೆದಾರರೇ ಕಳ್ಳರು ಎಂದು ನಾನು ಹೇಳುವುದಿಲ್ಲ. ಪ್ರಾಮಾಣಿಕವಾಗಿ ಕೆಲಸ ಮುಗಿಸಿ, ಅಳತೆ ಪುಸ್ತಕ ಬರೆಸಿ, ಅನುದಾನ ಇಲ್ಲವೆಂದು ಎರಡು ವರ್ಷ ಬಿಲ್ಲಿಗೆ ಅಲೆದವರನ್ನು ನೋಡಿದ್ದೇನೆ. ಹಣ ಇಲ್ಲದೆ ಕೆಲಸ ಮಂಜೂರು ಮಾಡುವುದೂ ಒಂದು ಅಪ್ರಾಮಾಣಿಕತೆ. ಅದರ ಬಡ್ಡಿಯನ್ನು ಗುತ್ತಿಗೆದಾರ ಮುಂದಿನ ಟೆಂಡರಿನ ದರದಲ್ಲಿ ಸೇರಿಸುತ್ತಾನೆ, ಸೇರಿಸಲಾಗದವನು ಸಿಮೆಂಟಿನಲ್ಲಿ ಕಳೆಯುತ್ತಾನೆ.

ಈಗ ನಮ್ಮ ಮಠಗಳಿಗೆ ಬರುತ್ತೇನೆ. ಖಾಸಗಿ ಸಂಸ್ಥೆಗಳಿಗೆ, ಭಕ್ತರ ಕಾಣಿಕೆಯಿಂದ ನಡೆಯುವ ಕೆಲಸಕ್ಕೆ ಕೆಟಿಪಿಪಿ ಕಾಯ್ದೆ ಅನ್ವಯಿಸುವುದಿಲ್ಲ, ನಿಜ. ಆದರೆ ದಾಸೋಹಕ್ಕೆ ಅಕ್ಕಿ ಬೇಳೆ ಕೊಳ್ಳುತ್ತೇವೆ, ಶಾಲೆಗೆ ಬೆಂಚು ಕೊಳ್ಳುತ್ತೇವೆ, ನಿಲಯಕ್ಕೆ ಕಟ್ಟಡ ಕಟ್ಟುತ್ತೇವೆ. ಅದು ಹೊಲದ ಮೊದಲ ರಾಶಿಯಿಂದ ಒಂದು ಚೀಲ ತೆಗೆದಿಟ್ಟ ರೈತನ ಹಣ. ಸರ್ಕಾರದ ಬೊಕ್ಕಸಕ್ಕೆ ಬೇಕಾದ ಎಚ್ಚರ ಅದಕ್ಕೆ ಬೇಡವೇ? ಭಕ್ತಿಯಿಂದ ಮಾಡಿಕೊಡುವವರು ಭಕ್ತಿಯ ದರವನ್ನು ಲಕೋಟೆಯಲ್ಲಿಯೇ ಬರೆದು ಹಾಕಲಿ. ಕಡಿಮೆ ಇದ್ದರೆ ಕೆಲಸ ಅವರಿಗೇ ಸಿಗುತ್ತದೆ. ಭಕ್ತಿ ಲಕೋಟೆಗೆ ಹೆದರುವುದೇಕೆ?

ಸಭೆಯಲ್ಲಿ ಇದನ್ನೆಲ್ಲ ನಾನು ಇಷ್ಟು ಸಲೀಸಾಗಿ ಹೇಳಲಿಲ್ಲ, ಮನೆಗೆ ಬಂದ ಮೇಲೆ ಹೊಳೆದದ್ದೇ ಹೆಚ್ಚು. ಅಲ್ಲಿ ಹೇಳಿದ್ದು ಆ ಏಳು ದಿನದ ಟೆಂಡರಿನ ಕಥೆ ಮಾತ್ರ. ಶ್ರೀಗಳು ಕೇಳಿಸಿಕೊಂಡು, "ಲೆಕ್ಕ ಬರೆಯುವವರು ಯಾರು?" ಎಂದು ಒಂದೇ ಪ್ರಶ್ನೆ ಕೇಳಿದರು. ಅಡಿಗೆಮನೆಯ ಉಗ್ರಾಣ ನೋಡಿಕೊಳ್ಳುವ ತಾಯಿಯೊಬ್ಬರು ನಾನು ಬರೆಯುತ್ತೇನೆ ಎಂದರು. ಹಿರಿಯರು ಮುಖ ಸಪ್ಪೆ ಮಾಡಿಕೊಂಡರೂ ಬೇಡವೆನ್ನಲಿಲ್ಲ.

ಕಟ್ಟಡದ ನಕ್ಷೆ, ಸಾಮಾನಿನ ಪಟ್ಟಿ, ಷರತ್ತುಗಳನ್ನು ಮಠದ ಕಚೇರಿಯ ಗೋಡೆಗೆ ಅಂಟಿಸಿದ್ದೇವೆ. ಷರತ್ತು ಒಂದೇ ಪುಟ. ಅದರಲ್ಲಿ ಯಾವ ಕಂಪನಿಯ ಸಿಮೆಂಟಿನ ಹೆಸರೂ ಇಲ್ಲ, ಬಣ್ಣದ ಮಾತೂ ಇಲ್ಲ. ದರ ಹಾಕಲು 30 ದಿನ ಕೊಟ್ಟಿದ್ದೇವೆ. ಹಿರಿಯರು ಹೇಳಿದ ಆ ಹುಡುಗನೂ ಬಂದು ಓದಿಕೊಂಡು ಹೋಗಿದ್ದಾನಂತೆ, ಒಂದು ಪ್ರತಿ ಬೇಕೆಂದು ಕೇಳಿದನಂತೆ. ಗಡುವು ಮುಗಿದ ಮರುದಿನ ಬೆಳಿಗ್ಗೆ 11 ಗಂಟೆಗೆ ದಾಸೋಹ ಮನೆಯ ಪಡಸಾಲೆಯಲ್ಲಿ ಲಕೋಟೆ ಒಡೆಯುತ್ತೇವೆ. ದರ ಹಾಕಿದವರು, ಹಾಕದವರು, ಯಾರು ಬೇಕಾದರೂ ಬಂದು ಕೂರಬಹುದು. ಪ್ರಸಾದ ಅಲ್ಲಿಯೇ.