ಭೂತಾನದೊಡನೆ ನಮ್ಮ ಸಖ್ಯ

1958ರಲ್ಲಿ ಪಂಡಿತ ನೆಹರೂರವರು ಭೂತಾನಕ್ಕೆ ತೆರಳಿದಾಗ ಆ ದೇಶಕ್ಕೆ ಮೋಟಾರು ರಸ್ತೆಯೇ ಇರಲಿಲ್ಲ. ನಾಥೂ ಲಾ ಕಣಿವೆಯನ್ನು ದಾಟಿ, ಚುಂಬಿ ಪ್ರಾಂತದ ಮೂಲಕ ಪಾರೋ ಪಟ್ಟಣವನ್ನು ಸೇರಬೇಕಾಯಿತು. ಅನಂತರ ಅಲ್ಲಿ ರಸ್ತೆಗಳನ್ನು ಹಾಕಿದವರು ನಮ್ಮವರು. 336 ಮೆಗಾವಾಟಿನ ಚುಖಾ ವಿದ್ಯುದಾಗಾರವನ್ನು ಕಟ್ಟಿಕೊಟ್ಟವರೂ ನಮ್ಮವರೇ. ಅದರ ವೆಚ್ಚದಲ್ಲಿ ನೂರಕ್ಕೆ 60 ಪಾಲು ದಾನ, 40 ಪಾಲು ಸಾಲ. ಮಾಂಗ್‌ದೆಛೂ ಯೋಜನೆಯ ವೇಳೆಗೆ ಈ ಲೆಕ್ಕವು ತಿರುವುಮುರುವಾಗಿ ದಾನ 30, ಸಾಲ 70 ಆಯಿತು. ಪುನಾತ್ಸಾಂಗ್‌ಛೂ ಮೊದಲನೆಯ ಯೋಜನೆಯಲ್ಲಿ 2013ರಲ್ಲಿ ಬೆಟ್ಟ ಜರಿದು ಕೆಲಸವು ವರ್ಷಗಟ್ಟಲೆ ಹಿಂದೆ ಬಿದ್ದಿತು. ಬಡ್ಡಿಯು ಕಾಯುವುದುಂಟೆ?

1949ರ ಕೌಲಿನಲ್ಲಿ, ವಿದೇಶವ್ಯವಹಾರಗಳಲ್ಲಿ ಭೂತಾನವು ಭಾರತದ ಸಲಹೆಯಂತೆ ನಡೆಯತಕ್ಕದ್ದೆಂಬ ಷರತ್ತಿದ್ದಿತು. 2007ರಲ್ಲಿ ಅದನ್ನು ತೆಗೆದುಹಾಕಿ ಸಮಾನರ ಸಹಕಾರವೆಂದು ಬರೆದುದು ನಮಗೆ ಗೌರವವನ್ನು ತಂದ ಕಾರ್ಯ. ಆದರೆ 2013ರ ಜುಲೈಯಲ್ಲಿ, ಅಲ್ಲಿನ ಮತದಾನಕ್ಕೆ ಕೆಲವೇ ದಿನಗಳಿರುವಾಗ, ಅಡಿಗೆಯ ಅನಿಲ ಮತ್ತು ಸೀಮೆಎಣ್ಣೆಗೆ ನಾವು ಕೊಡುತ್ತಿದ್ದ ಸಹಾಯಧನವು ನಿಂತುಹೋಯಿತು. ಅದು ಕಾಗದಪತ್ರಗಳ ಲೋಪವೆಂಬ ಸಮಾಧಾನವನ್ನು ಥಿಂಪುವಿನ ಗೃಹಿಣಿಯರು ನಂಬಲಿಲ್ಲ. ನಾವೂ ಅವರನ್ನು ದೂರಲಾರೆವು. ಮುಂದಿನ ತಿಂಗಳು ಸಹಾಯಧನ ಮರಳಿತು, ವಿಶ್ವಾಸವು ಅಷ್ಟು ಬೇಗ ಮರಳಲಿಲ್ಲ.

ವಿದ್ಯೆಯ ಸಂಬಂಧವೇ ಇದಕ್ಕಿಂತ ಗಟ್ಟಿಯಾದುದೆಂದು ನಮ್ಮ ಮತ. ಭೂತಾನದ ಮೊದಲ ಪಾಠಶಾಲೆಗಳಲ್ಲಿ ಬೋಧಿಸಿದವರಲ್ಲಿ ಭಾರತೀಯ ಉಪಾಧ್ಯಾಯರು ಬಹುಮಂದಿ. ನಮ್ಮ ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ವಿಹಾರದಲ್ಲಿ ಭೂತಾನದ ಭಿಕ್ಷುಗಳು ಶಾಸ್ತ್ರಾಭ್ಯಾಸ ಮಾಡುತ್ತಾರೆ. ಅವರು ನಮ್ಮ ಭಾಷೆಗಳನ್ನು ಕಲಿತರು. ಅವರ ಜೊಂಖಾ ಭಾಷೆಯನ್ನು ಕಲಿಸುವ ಪೀಠವೊಂದನ್ನು ಮೈಸೂರಿನಲ್ಲಿ ಏರ್ಪಡಿಸಲು ಸರ್ಕಾರದವರಿಗೆ ಎಷ್ಟು ವೆಚ್ಚವಾದೀತು? ಒಂದು ವಿದ್ಯುದಾಗಾರದ ಒಂದು ದಿನದ ಬಡ್ಡಿಗೆ ಅದನ್ನು ಹೋಲಿಸಿ ನೋಡಲಿ.