ಓದುವ ಮಕ್ಕಳ ನಿದ್ರೆ

ಶಿವರಾತ್ರಿಯ ಜಾಗರಣೆಯು ಒಂದೇ ರಾತ್ರಿಯದು. ಆದರೆ ಓದುವ ಮಕ್ಕಳುಳ್ಳ ಮನೆಗಳಲ್ಲಿ ಅಂದು ಮೊದಲಾದ ಜಾಗರಣೆಯು ವಾರ್ಷಿಕ ಪರೀಕ್ಷೆ ಮುಗಿಯುವವರೆಗೂ ನಿಲ್ಲುವುದಿಲ್ಲ. ರಾತ್ರಿ ಹನ್ನೊಂದಕ್ಕೆ ತಾಯಿಯು ಮತ್ತೊಂದು ಲೋಟ ಕಾಫಿಯನ್ನು ಬೆರೆಸಿಕೊಡುವಳು. ಬೆಳಗಿನ ಜಾವ ನಾಲ್ಕಕ್ಕೆ ತಂದೆಯು ಹೊದಿಕೆಯನ್ನು ಸೆಳೆಯುವನು. ವಿದ್ಯಾರ್ಥಿಯಾದವನ ನಿದ್ರೆಯು ನಾಯಿಯ ನಿದ್ರೆಯಂತಿರಬೇಕೆಂಬ ಹಳೆಯ ಮಾತು ಅಜ್ಜನ ಬಾಯಿಂದ ದಿನಕ್ಕೊಮ್ಮೆಯಾದರೂ ಹೊರಡುವುದು. ಇದೆಲ್ಲವೂ ಮಕ್ಕಳ ಮೇಲಣ ಪ್ರೀತಿಯಿಂದಲೇ ನಡೆಯುವುದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಈ ಪ್ರೀತಿಯಿಂದ ಮಕ್ಕಳಿಗೆ ಆಗುವುದು ಲಾಭವೋ ನಷ್ಟವೋ ಎಂಬುದನ್ನು ಈ ತಿಂಗಳು ವಾಚಕರೊಡನೆ ವಿಚಾರಮಾಡಬೇಕೆಂದಿದ್ದೇವೆ.

ಇತರರಿಗೆ ಬುದ್ಧಿ ಹೇಳುವ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ಎರಡು ವರ್ಷಗಳ ಕೆಳಗೆ ನಮ್ಮ ಮನೆಯ ಹುಡುಗಿಯು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತಿದ್ದಳು. ಗಣಿತದ ಹಿಂದಿನ ರಾತ್ರಿ ಅವಳನ್ನು ಒಂದು ಗಂಟೆಯವರೆಗೆ ಓದಿಸಿ, ಪುನಃ ನಾಲ್ಕಕ್ಕೆ ಎಬ್ಬಿಸಿದೆವು. ತೂಕಡಿಸಿದಾಗ ಮುಖಕ್ಕೆ ತಣ್ಣೀರು ಹಾಕಿಕೊಳ್ಳೆಂದೆವು. ಮಧ್ಯಾಹ್ನ ಮನೆಗೆ ಬಂದವಳು ಚೀಲವನ್ನು ಮೂಲೆಗಿಟ್ಟು, "ಆ ಪ್ರಮೇಯ ನನಗೆ ಚೆನ್ನಾಗಿ ಬರುತ್ತಿತ್ತಲ್ಲವೆ, ಅಪ್ಪಾ? ಅಲ್ಲಿ ಮೊದಲ ಸಾಲೇ ನೆನಪಾಗಲಿಲ್ಲ" ಎಂದು ಅತ್ತಳು. ಗಮನವಿಟ್ಟು ಓದಲಿಲ್ಲವೆಂದು ನಾವು ಗದರಿಸಿದೆವು. ಆ ಗದರಿಕೆಯಲ್ಲಿ ಅರ್ಧವಾದರೂ ನಮಗೇ ಸಲ್ಲಬೇಕಾಗಿತ್ತೆಂಬುದು ಮನಶ್ಶಾಸ್ತ್ರದ ಪುಸ್ತಕಗಳನ್ನು ತಿರುವಿದ ಬಳಿಕ ತಿಳಿಯಿತು.

ಕಲಿತುದನ್ನು ನಾವು ಹೇಗೆ ಮರೆಯುವೆವೆಂಬುದನ್ನು ಮೊಟ್ಟಮೊದಲು ಅಳೆದು ನೋಡಿದವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಗುವುದೆಂದು ಲೆಕ್ಕವಿಟ್ಟು, 1885ರಲ್ಲಿ ಅದನ್ನು ಪ್ರಕಟಿಸಿದನು. ಮರೆವು ಮೊದಲ ಗಂಟೆಯಲ್ಲಿ ಬಹು ವೇಗವಾಗಿಯೂ ಅನಂತರ ನಿಧಾನವಾಗಿಯೂ ಸಾಗುವುದೆಂದು ಅವನು ಕಂಡನು. 1924ರಲ್ಲಿ ಅಮೆರಿಕೆಯ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೆಂಕಿನ್ಸ್ ಮತ್ತು ಡಾಲನ್‌ಬಾಕ್ ಎಂಬುವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಇಬ್ಬರು ವಿದ್ಯಾರ್ಥಿಗಳಿಗೆ ಅಂಥ ಹತ್ತು ಅಕ್ಷರಗುಚ್ಛಗಳ ಪಟ್ಟಿಗಳನ್ನು ಕಲಿಸಿ, ಕೆಲವು ಸಲ ನಿದ್ರೆಮಾಡಿಸಿ, ಕೆಲವು ಸಲ ಎಚ್ಚರವಾಗಿರಿಸಿ, ಆಮೇಲೆ ಕೇಳಿದರು. ಎಂಟು ಗಂಟೆ ಎಚ್ಚರವಾಗಿದ್ದ ಮೇಲೆ ಹತ್ತರಲ್ಲಿ ಸುಮಾರು ಒಂದು ಮಾತ್ರ ಉಳಿದಿತ್ತು. ಎಂಟು ಗಂಟೆ ನಿದ್ರಿಸಿದ ಮೇಲೆ ಐದಕ್ಕೂ ಮಿಕ್ಕಿ ಉಳಿದಿದ್ದವು. ಕಾಲವು ಒಂದೇ, ಪಾಠವೂ ಒಂದೇ ತೆರನದು, ಭೇದವಿದ್ದುದು ನಿದ್ರೆಯೊಂದರಲ್ಲಿಯೇ.

ಎಚ್ಚರದಲ್ಲಿ ಹೊಸ ಹೊಸ ವಿಷಯಗಳು ನುಗ್ಗಿ ಹಳೆಯವನ್ನು ಕೆಡಿಸುವುವು, ನಿದ್ರೆಯಲ್ಲಿ ಆ ನುಗ್ಗಾಟವಿಲ್ಲ ಎಂದು ಅವರು ತರ್ಕಿಸಿದರು. ನಿದ್ರೆಯು ಕೇವಲ ಕಾವಲುಗಾರನಲ್ಲ, ಕೆಲಸಗಾರನೂ ಹೌದೆಂಬುದು ಆಮೇಲೆ ತಿಳಿಯಿತು. 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್‌ರು, ಮಲಗಿದವರ ಕಣ್ಣಾಲಿಗಳು ಮುಚ್ಚಿದ ರೆಪ್ಪೆಯೊಳಗೆ ಆಗಾಗ ಚುರುಕಾಗಿ ಚಲಿಸುವುವೆಂದೂ, ಆಗ ಎಬ್ಬಿಸಿದರೆ ಬಹುಮಟ್ಟಿಗೆ ಕನಸನ್ನು ಹೇಳುವರೆಂದೂ ಪ್ರಕಟಿಸಿದರು. 1994ರಲ್ಲಿ ವಿಲ್ಸನ್ ಮತ್ತು ಮಕ್‌ನಾಟನ್‌ರು ಇಲಿಗಳ ಮೆದುಳನ್ನು ಪರೀಕ್ಷಿಸಿ, ಓಡಾಡುವಾಗ ಒಟ್ಟಿಗೆ ಕೆಲಸಮಾಡಿದ ಜೀವಕಣಗಳು ಅನಂತರದ ನಿದ್ರೆಯಲ್ಲಿಯೂ ಒಟ್ಟಿಗೆ ಎಚ್ಚೆತ್ತುಕೊಳ್ಳುವುದನ್ನು ಕಂಡರು. ಹಗಲು ನಡೆದ ದಾರಿಯನ್ನು ಮೆದುಳು ರಾತ್ರಿ ಮತ್ತೊಮ್ಮೆ ನಡೆಯುವಂತಿದೆ.

ನಮ್ಮ ಗೃಹಿಣಿಯರಿಗೆ ಇದನ್ನು ತಿಳಿಯಲು ಇಲಿಗಳ ಹಂಗು ಬೇಡ. ಸಂಜೆ ಹಾಲಿಗೆ ಹೆಪ್ಪು ಹಾಕಿ ಪಾತ್ರೆಯನ್ನು ಮೂಲೆಯಲ್ಲಿಟ್ಟು ಸುಮ್ಮನಾಗುವರಷ್ಟೆ? ಗಳಿಗೆಗೊಮ್ಮೆ ಮುಚ್ಚಳ ತೆಗೆದು ಕಲಕಿದರೆ ಮೊಸರು ಕಟ್ಟೀತೆ? ಓದುವುದು ಹೆಪ್ಪು ಹಾಕಿದಂತೆ. ನಿದ್ರೆಯು ಆ ಮೊಸರು ಕಟ್ಟುವ ಹೊತ್ತು. ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿ ಫಲವಿಲ್ಲವೆಂಬುದೂ ಅಷ್ಟೇ ನಿಜ. ವರ್ಷವೆಲ್ಲ ಪುಸ್ತಕ ಮುಟ್ಟದವನಿಗೆ ಒಂದು ರಾತ್ರಿಯ ನಿದ್ರೆಯು ವಿದ್ಯೆಯನ್ನು ತಂದುಕೊಡಲಾರದು.

ನಿದ್ರೆಯ ಪ್ರಮಾಣವು ವಯಸ್ಸಿಗೆ ತಕ್ಕಂತೆ ಬೇರೆ ಬೇರೆ. ಹುಟ್ಟಿದ ಕೂಸು ದಿನಕ್ಕೆ ಸುಮಾರು 16 ಗಂಟೆ ಮಲಗುವುದು. ಅದರಲ್ಲಿ ಹೆಚ್ಚುಕಡಿಮೆ ಅರ್ಧವು ಕಣ್ಣಾಲಿ ಚಲಿಸುವ ನಿದ್ರೆಯೇ. ಬೆಳೆಯುತ್ತಿರುವ ಮೆದುಳಿಗೆ ಅದು ಅವಶ್ಯವೆಂದು ಬಲ್ಲವರು ಊಹಿಸುವರು. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆಯೂ, 13ರಿಂದ 18ರವರಿಗೆ 8ರಿಂದ 10 ಗಂಟೆಯೂ ಬೇಕೆಂದು ಅಮೆರಿಕೆಯ ನಿದ್ರಾವೈದ್ಯರ ಸಂಘವು 2016ರಲ್ಲಿ ಹೇಳಿದೆ. ಇದಲ್ಲದೆ, ಪ್ರಾಯಕ್ಕೆ ಬರುವ ಮಕ್ಕಳಲ್ಲಿ ದೇಹದೊಳಗಿನ ಗಡಿಯಾರವೇ ಹಿಂದಕ್ಕೆ ಸರಿದು, ನಿದ್ರೆಯು ತಡವಾಗಿ ಬರುವುದು. ಹದಿನಾರರ ಹುಡುಗನು ಬೆಳಿಗ್ಗೆ ಏಳಲಾರದುದೆಲ್ಲ ಸೋಮಾರಿತನವಲ್ಲ. ರಾತ್ರಿಯ ಮೊದಲ ಭಾಗದಲ್ಲಿ ಗಾಢನಿದ್ರೆಯೂ, ಕೊನೆಯ ಭಾಗದಲ್ಲಿ ಕನಸಿನ ನಿದ್ರೆಯೂ ಹೆಚ್ಚು. ಒಂದಕ್ಕೆ ಮಲಗಿ ನಾಲ್ಕಕ್ಕೆ ಎದ್ದವನಿಗೆ ಈ ಎರಡನೆಯದು ಬಹುಮಟ್ಟಿಗೆ ತಪ್ಪಿಯೇ ಹೋಗುವುದು.

"ಹಾಗಾದರೆ ಬ್ರಾಹ್ಮೀಮುಹೂರ್ತದಲ್ಲಿ ಎದ್ದು ಓದಿದ ನಮ್ಮ ಹಿರಿಯರು ಮೂರ್ಖರೆ?" ಎಂದು ಕೆಲವರು ಕೇಳಬಹುದು. ಎಷ್ಟು ಮಾತ್ರಕ್ಕೂ ಅಲ್ಲ. ಎಣ್ಣೆಯ ದೀಪದ ಕಾಲದಲ್ಲಿ ಅವರು ರಾತ್ರಿ ಎಂಟಕ್ಕೆಲ್ಲ ಮಲಗುತ್ತಿದ್ದರು. ನಾಲ್ಕಕ್ಕೆ ಏಳುವ ಹೊತ್ತಿಗೆ ಎಂಟು ಗಂಟೆಯ ನಿದ್ರೆ ತೀರಿರುತ್ತಿತ್ತು. ಅವರ ನಿಯಮದಲ್ಲಿ ಬೇಗ ಮಲಗುವುದನ್ನು ಬಿಟ್ಟು ಬೇಗ ಏಳುವುದನ್ನು ಮಾತ್ರ ಉಳಿಸಿಕೊಂಡವರು ನಾವು. ಇನ್ನು ನಾಯಿಯ ನಿದ್ರೆಯೆಂದರೆ ಸಪ್ಪಳಕ್ಕೆ ಎಚ್ಚರಾಗುವ ನಿದ್ರೆಯೇ ಹೊರತು ಅಲ್ಪನಿದ್ರೆಯಲ್ಲ. ನಾಯಿಯು ಹಗಲೆಲ್ಲ ಜಗುಲಿಯ ನೆರಳಿನಲ್ಲಿ ಎಷ್ಟು ಹೊತ್ತು ಬಿದ್ದಿರುವುದೆಂಬುದನ್ನು ಅಜ್ಜಂದಿರು ಒಮ್ಮೆ ಗಮನಿಸಬೇಕೆಂದು ವಿನಯದಿಂದ ಕೇಳಿಕೊಳ್ಳುವೆವು.

ಮನೆಯಲ್ಲಿ ಮಾಡಬಹುದಾದುದು ಬಹಳವೇನಿಲ್ಲ. ಒಂದೇ ಪಾಠವನ್ನು ಒಂದೇ ರಾತ್ರಿ ಐದು ಸಲ ಓದಿಸುವುದಕ್ಕಿಂತ ಐದು ದಿನ ಒಂದೊಂದು ಸಲ ಓದಿಸುವುದು ಮೇಲು. ನಡುವೆ ಬರುವ ರಾತ್ರಿಗಳೂ ಆಗ ಕೆಲಸಕ್ಕೆ ಬರುವುವು. ಕಾಫಿಯ ಸತ್ವದಲ್ಲಿ ಅರ್ಧವು ದೇಹದಿಂದ ಇಳಿಯಲು ಸುಮಾರು ಐದು ಗಂಟೆ ಹಿಡಿಯುವುದರಿಂದ, ಸಂಜೆಯ ಮೇಲೆ ಮಕ್ಕಳಿಗೆ ಅದನ್ನು ಕೊಡದಿರುವುದು ಲೇಸು. ಮೊಬೈಲನ್ನು ಮಲಗುವ ಕೋಣೆಯ ಹೊರಗಿಡಬೇಕು. ಮಕ್ಕಳದನ್ನು ಮಾತ್ರವಲ್ಲ, ನಮ್ಮದನ್ನೂ. ಒಂದೇ ಕೋಣೆಯ ಮನೆಯಾದರಂತೂ ದೊಡ್ಡವರ ದೀಪ, ಟಿ.ವಿ., ಮಾತುಕತೆಗಳು ನಿಂತ ಹೊರತು ಮಗುವಿಗೆ ನಿದ್ರೆ ಎಲ್ಲಿಂದ ಬರಬೇಕು?

ನಮ್ಮ ಹುಡುಗಿಗೆ ಈ ವರ್ಷ ದ್ವಿತೀಯ ಪಿ.ಯು.ಸಿ. ಪರೀಕ್ಷೆ. ರಾತ್ರಿ ಹತ್ತಕ್ಕೆ ಮನೆಯ ದೀಪಗಳನ್ನೆಲ್ಲ ಆರಿಸುವ ಕೆಲಸವನ್ನು ನಾವೇ ವಹಿಸಿಕೊಂಡಿದ್ದೇವೆ. ಮೊದಲ ವಾರ ಅವಳಿಗೆ ನಂಬಿಕೆ ಬರಲಿಲ್ಲ. "ಇನ್ನೊಂದು ಅಧ್ಯಾಯ ಉಳಿದಿದೆ, ಅಪ್ಪಾ" ಎಂದು ಬೇಡಿಕೊಂಡಳು. ನಾಳೆ ಓದಿದರಾಯಿತೆಂದೆವು. ಅವಳು ಪಡೆಯುವ ಅಂಕಗಳೆಷ್ಟೆಂಬುದನ್ನು ಈಗಲೇ ಹೇಳಲಾರೆವು. ಆದರೆ ಬೆಳಿಗ್ಗೆ ಯಾರೂ ಹೊದಿಕೆ ಸೆಳೆಯದೆ ತಾನಾಗಿ ಎದ್ದು, ಹಿಂದಿನ ದಿನದ ಪಾಠವನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ತಾಯಿಗೆ ಒಪ್ಪಿಸುತ್ತಿದ್ದಾಳೆ.