ಕಾನೂನು ನೆಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರಲಿ





ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆಯನ್ನೂ, ಸಂಶೋಧನೆಗೆ ತೊಡಗುವವರಿಗೆ ತಿಂಗಳಿಗೆ 37,000 ರೂಪಾಯಿ ದೊರಕಿಸುವ ಕಿರಿಯ ಸಂಶೋಧನಾ ಫೆಲೋಶಿಪ್ಪನ್ನೂ, ಅಂದರೆ ಜೆಆರ್‌ಎಫ್ ಅನ್ನೂ, ನಿರ್ಧರಿಸುವ, ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ನೆಟ್ ಪರೀಕ್ಷೆಯ ಪ್ರಶ್ನೆಪತ್ರಿಕೆಗಳು ಭಾಷಾ ವಿಷಯಗಳನ್ನು ಬಿಟ್ಟರೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಭಾಗದಲ್ಲಿ ಕಾನೂನು ಓದಿ ಈ ಪರೀಕ್ಷೆಗೆ ಸಿದ್ಧರಾಗುವವರಿಗೆ ಇದು ಸಣ್ಣ ತೊಡಕಲ್ಲ.

ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಗಳಲ್ಲಿ ಉತ್ತರಗಳನ್ನು ಪೂರ್ತಿ ಇಂಗ್ಲಿಷಿನಲ್ಲಿ ಇಲ್ಲವೇ ಪೂರ್ತಿ ಕನ್ನಡದಲ್ಲಿ ಬರೆಯಲು ಅವಕಾಶವಿದೆ. ವಕೀಲಿಕೆಗೆ ಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ತಾಲ್ಲೂಕು ನ್ಯಾಯಾಲಯಗಳಲ್ಲಿ ದಾವೆ, ಕೈಫಿಯತ್ತು, ಪಾಟೀಸವಾಲುಗಳು ಕನ್ನಡದಲ್ಲಿ ನಡೆಯುತ್ತವೆ. ಹೀಗೆ ಕನ್ನಡದಲ್ಲಿ ಕಾನೂನು ಕಲಿತು ವಾದಿಸಬಲ್ಲವರು ಅದನ್ನು ಬೋಧಿಸಲು ಹೊರಟಾಗ ಮಾತ್ರ ಅವರ ಭಾಷೆ ಅನರ್ಹವಾಗುತ್ತದೆ.

ನೆಟ್‌ನಲ್ಲಿ ಬೋಧನೆ, ಸಂಶೋಧನೆಗಳ ಸಾಮರ್ಥ್ಯವನ್ನು ಅಳೆಯುವ ಮೊದಲ ಪತ್ರಿಕೆಯ 50 ಮತ್ತು ಕಾನೂನು ವಿಷಯದ 100 ಪ್ರಶ್ನೆಗಳಿಗೆ ಒಟ್ಟು ಮೂರು ಗಂಟೆಯಿದ್ದು, ಒಂದು ಪ್ರಶ್ನೆಗೆ 72 ಸೆಕೆಂಡು ಸಿಗುತ್ತದೆ. ಒಂದು ಹೇಳಿಕೆಯನ್ನೂ ಅದರ ಕಾರಣವನ್ನೂ ಕೊಟ್ಟು, ಎರಡೂ ಸರಿಯೇ, ಕಾರಣವು ಹೇಳಿಕೆಯನ್ನು ಸಮರ್ಥಿಸುತ್ತದೆಯೇ ಎಂದು ಕೇಳುವ ಪ್ರಶ್ನೆಗಳಲ್ಲಿ ‘ಮಾಡತಕ್ಕದ್ದು’ ಮತ್ತು ‘ಮಾಡಬಹುದು’ ಎಂಬಷ್ಟು ಸೂಕ್ಷ್ಮ ವ್ಯತ್ಯಾಸವೇ ಉತ್ತರವನ್ನು ಬದಲಿಸುವುದರಿಂದ, ಅನ್ಯಭಾಷೆಯ ವಾಕ್ಯವನ್ನು ಎರಡೆರಡು ಸಲ ಓದಬೇಕಾದವರು ವಿಷಯಜ್ಞಾನವಿದ್ದೂ ಅಂಕ ಕಳೆದುಕೊಳ್ಳುತ್ತಾರೆ. ಪರೀಕ್ಷೆಗೆ ಕುಳಿತವರಲ್ಲಿ ಶೇ 6ರಷ್ಟು ಮಂದಿಯನ್ನಷ್ಟೇ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹರೆಂದು ಘೋಷಿಸುವ, ಅವರಲ್ಲೂ ಕೆಲವರಿಗೆ ಮಾತ್ರ ಜೆಆರ್‌ಎಫ್ ದೊರೆಯುವ ವ್ಯವಸ್ಥೆಯಲ್ಲಿ ಎರಡು ಅಂಕವೂ ನಿರ್ಣಾಯಕ.

ಸಂವಿಧಾನದ 348ನೇ ವಿಧಿಯಂತೆ ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳ ಭಾಷೆ ಇಂಗ್ಲಿಷ್ ಆಗಿರುವುದರಿಂದ ಕಾನೂನು ಅಧ್ಯಾಪಕರಿಗೆ ಇಂಗ್ಲಿಷ್ ಬರಲೇಬೇಕು ಎಂಬ ವಾದ ತೂಕದ್ದೇ. ಆದರೆ ಹಿಂದಿಯಲ್ಲಿ ಪ್ರಶ್ನೆ ಓದಿ ಉತ್ತರಿಸುವವರಿಗೆ ಅಡ್ಡಬಾರದ ಈ ವಾದ ಕನ್ನಡಿಗರಿಗೆ ಮಾತ್ರ ಅಡ್ಡಬರುವುದು ಯಾವ ನ್ಯಾಯ? ಅನುವಾದ ಕಷ್ಟವೆಂಬ ನೆಪವೂ ನಿಲ್ಲುವುದಿಲ್ಲ, ಏಕೆಂದರೆ ನೆಟ್ ನಡೆಸುವ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯೇ ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು ಕನ್ನಡ ಸೇರಿದಂತೆ 13 ಭಾಷೆಗಳಲ್ಲಿ ನಡೆಸುತ್ತಿದೆ. ರಾಜ್ಯದ ಅರ್ಹತಾ ಪರೀಕ್ಷೆಯಾದ ಕೆ–ಸೆಟ್ ನೆಟ್‌ಗೆ ಬದಲಿಯಾಗಲಾರದು: ಅದು ಅಧ್ಯಾಪನದ ಅರ್ಹತೆಯನ್ನು ಕೊಡುತ್ತದೆಯೇ ಹೊರತು ಫೆಲೋಶಿಪ್ಪನ್ನಲ್ಲ, ಮತ್ತು ಬಡ ಕುಟುಂಬದ ಸಂಶೋಧನಾರ್ಥಿಗೆ ಮೊದಲು ಬೇಕಿರುವುದು ಆ ಹಣವೇ.

ಯುಜಿಸಿಯು ಮೊದಲ ಪತ್ರಿಕೆಯನ್ನೂ ಕಾನೂನು ಪತ್ರಿಕೆಯನ್ನೂ ಇಂಗ್ಲಿಷಿನ ಜೊತೆಗೆ ಕನ್ನಡದಲ್ಲೂ ನೀಡುವಂತೆ ನಿಯಮ ತಿದ್ದಬೇಕು. ರಾಜ್ಯ ಸರ್ಕಾರವೂ, ಶಿರಹಟ್ಟಿಯನ್ನು ಒಳಗೊಂಡ ಹಾವೇರಿ ಲೋಕಸಭಾ ಕ್ಷೇತ್ರದ ಸಂಸದರೂ ಮುಂದಿನ ಅಧಿಸೂಚನೆಗೆ ಮೊದಲೇ ಈ ಬೇಡಿಕೆಯನ್ನು ಕೇಂದ್ರ ಶಿಕ್ಷಣ ಸಚಿವಾಲಯದ ಮುಂದಿಡಬೇಕು.

– ಓರ್ವ ಓದುಗ, ಮಾಗಡಿ, ಶಿರಹಟ್ಟಿ ತಾಲ್ಲೂಕು, ಗದಗ ಜಿಲ್ಲೆ